ಗಾಡಿ ಹಿಂದೆ ಗರಗರ ಅಂತಿದೆಯಾ? ಯಾವಾಗ ಅಂತಿದೆ, ಅದನ್ನ ಹೇಳಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಂದಿನ ಆಕ್ಸಲ್ ಆವಾಜಿನವೇ. ಹಾವೇರಿ, ಗದಗ, ನವಲಗುಂದ, ಧಾರವಾಡ ಎಲ್ಲ ಕಡೆಯಿಂದಲೂ ಬಂದಿವೆ. ಎಲ್ಲರೂ ಆವಾಜ್ ಹೇಗಿದೆ ಅಂತ ಚೆನ್ನಾಗಿ ಬರೆದಿದ್ದೀರಿ: ಗರಗರ, ಗುಂಯ್, ಕರಕರ, ಕಟ್‌ಕಟ್. ಆದರೆ ಅದು ಯಾವಾಗ ಬರುತ್ತದೆ ಅಂತ ಬರೆದವರು ಇಬ್ಬರೇ. ಕಾಯಿಲೆ ಸಿಗುವುದು ಆ 'ಯಾವಾಗ'ನಲ್ಲಿ. ಐದು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನದು ಡೀಸೆಲ್ ಪಿಕಪ್. ಹಳ್ಳಿಗಳಿಂದ ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಚೀಲ ತರುವ ಬಾಡಿಗೆ ಹೊಡೆಯುತ್ತೇನೆ. ಎರಡು ತಿಂಗಳಿಂದ ಸ್ಪೀಡು 40 ದಾಟಿದರೆ ಹಿಂದಿನಿಂದ ಗರಗರ ಅಂತ ಆವಾಜ್. ಒಬ್ಬ ಮಿಸ್ತ್ರಿ ಕ್ರೌನ್-ಪಿನಿಯನ್ ಹೋಗಿದೆ ಅಂದರು. ಇನ್ನೊಬ್ಬರು ವೀಲ್ ಬೇರಿಂಗ್ ಅಂದರು. ಮೂರನೆಯವರು ಟೈರ್ ಅಂದರು. ಯಾರ ಮಾತು ಕೇಳಲಿ ಸರ್?
— ಪಿಕಪ್ ಮಾಲೀಕರು, ಬ್ಯಾಡಗಿ

ಉತ್ತರ: ಸದ್ಯಕ್ಕೆ ಯಾರ ಮಾತೂ ಬೇಡ. ಹೌಸಿಂಗ್, ಅಂದರೆ ಎಂಜಿನ್ನಿನ ಎಳೆತವನ್ನು ಹಿಂದಿನ ಗಾಲಿಗೆ ಕೊಡುವ ಕ್ರೌನ್-ಪಿನಿಯನ್ ಅನ್ನೋ ಹಲ್ಲಿನ ಗೇರ್ ಜೋಡಿ ಕೂತಿರುವ ಆಕ್ಸಲ್ ಡಬ್ಬಿ, ಅದನ್ನು ಬಿಚ್ಚಿಸಲೂ ಬೇಡ. ಮೊದಲು ಒಂದು ಬೆಳಿಗ್ಗೆ ನೀವೇ ಗಾಡಿ ತಗೊಂಡು ಹೋಗಿ ಕೇಳಿಸಿಕೊಳ್ಳಿ.

ಮೋಟೆಬೆನ್ನೂರು ಕಡೆ ಟ್ರಾಫಿಕ್ ಇಲ್ಲದ ಹೊತ್ತಲ್ಲಿ, ಬೆಳಕಾದ ಕೂಡಲೇ ಹೊರಡಿ. ಗಾಡಿ ಖಾಲಿ ಇರಲಿ. ಬಾಡಿಯೊಳಗಿನ ಜಾಕ್, ಪಾನಾ, ಹಗ್ಗದ ಕೊಂಡಿ, ಸ್ಟೆಪ್ನಿ, ಹಿಂದಿನ ಡೋರಿನ ಸರಪಳಿ ಎಲ್ಲ ಬಿಗಿ ಮಾಡಿ, ಇಲ್ಲವೇ ಇಳಿಸಿ ಇಡಿ. ಸರಪಳಿ ಬಡಿಯೋದನ್ನೇ ಆಕ್ಸಲ್ ಆವಾಜ್ ಅಂದುಕೊಂಡು ಗ್ಯಾರೇಜಿಗೆ ಬಂದವರನ್ನು ನಾನು ನೋಡಿದ್ದೇನೆ. ಟೇಪ್ ಬಂದ್, ಕಿಟಕಿ ಎರಡೂ ಓಪನ್. ಪಕ್ಕದಲ್ಲಿ ಒಬ್ಬರು ಕೂತರೆ ಒಳ್ಳೆಯದು, ಓಡಿಸುವವರ ಗಮನ ರಸ್ತೆ ಮೇಲಿರಬೇಕು ಅಲ್ವಾ.

ಆವಾಜ್ ಬರುವ ಸ್ಪೀಡಿಗೆ ಹೋಗಿ. ಈಗ ನಾಲ್ಕು ರೀತಿ ಕೇಳಬೇಕು. ರೇಸ್ ಕೊಟ್ಟು ಎಳೆಯುವಾಗ ಹೇಗಿದೆ? ಒಂದೇ ಸ್ಪೀಡಿನಲ್ಲಿ ಹಿಡಿದಾಗ ಹೇಗಿದೆ? ಗೇರಿನಲ್ಲೇ ಇದ್ದು ರೇಸ್ ಪೂರ್ತಿ ಬಿಟ್ಟಾಗ ಹೇಗಿದೆ? ನೇರವಾದ ಸಪಾಟು ರಸ್ತೆಯಲ್ಲಿ ಒಂದು ಕ್ಷಣ ನ್ಯೂಟ್ರಲ್ ಮಾಡಿದಾಗ ಹೇಗಿದೆ? ನ್ಯೂಟ್ರಲ್ ಮಾಡಿ ಅಂದರೆ ಚಾವಿ ಆಫ್ ಮಾಡಿ ಅಂತಲ್ಲ. ಚಾವಿ ಮುಟ್ಟಲೇಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ.

ರೇಸ್ ಕೊಟ್ಟಾಗ ಒಂದು ಆವಾಜ್, ಬಿಟ್ಟಾಗ ಇನ್ನೊಂದು ಅಥವಾ ಬಿಟ್ಟ ಕೂಡಲೇ ಸುಮ್ಮನಾಗುತ್ತದೆ ಅಂದರೆ ಆಗ ಕ್ರೌನ್-ಪಿನಿಯನ್ ಮೇಲೆ ಅನುಮಾನ ಪಡಬಹುದು. ಯಾಕೆ ಅಂದರೆ, ಎಳೆಯುವಾಗ ಹಲ್ಲಿನ ಒಂದು ಮುಖ ತಾಗುತ್ತದೆ. ರೇಸ್ ಬಿಟ್ಟಾಗ ಗಾಲಿಯೇ ಎಂಜಿನ್ನನ್ನು ತಿರುಗಿಸುತ್ತದೆ, ಆಗ ಹಲ್ಲಿನ ಆ ಕಡೆಯ ಮುಖ ತಾಗುತ್ತದೆ. ಒಂದು ಮುಖ ಸವೆದಿದ್ದರೆ ಆ ಹೊತ್ತಿಗೆ ಮಾತ್ರ ಕೂಗುತ್ತದೆ. ಹಲ್ಲಿನ ಆವಾಜ್ ಗರಗರಕ್ಕಿಂತ ಗುಂಯ್ ಅಂತ ಎಳೆದ ಹಾಗೆ ಇರುವುದೇ ಜಾಸ್ತಿ.

ಪಿನಿಯನ್ ಬೇರಿಂಗ್ ಹೋದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಆದರೆ ಆವಾಜ್ ಸಣ್ಣಗೆ, ಚುರುಕಾಗಿ ಬರುತ್ತದೆ. ಪಿನಿಯನ್‌ಗೆ 9 ಹಲ್ಲು, ಕ್ರೌನ್‌ಗೆ 41 ಹಲ್ಲು ಇವೆ ಅಂತ ಇಟ್ಕೊಳ್ಳಿ. ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಪಿನಿಯನ್ ನಾಲ್ಕೂವರೆ ಸುತ್ತು ಬಂದಿರುತ್ತದೆ. ಅದಕ್ಕೇ ಅದರ ಆವಾಜಿಗೆ ಗಾಲಿ ಬೇರಿಂಗಿನ ದಪ್ಪ ದನಿ ಇರುವುದಿಲ್ಲ.

ವೀಲ್ ಬೇರಿಂಗ್‌ಗೆ ನೀವು ರೇಸ್ ಕೊಟ್ಟರೇನು, ಬಿಟ್ಟರೇನು. ಅದಕ್ಕೆ ಗೊತ್ತಿರುವುದು ಸ್ಪೀಡು ಮತ್ತು ಭಾರ ಎರಡೇ. ನ್ಯೂಟ್ರಲ್‌ನಲ್ಲೂ ಅದೇ ಗರಗರ ಮುಂದುವರಿಯುತ್ತದೆ. ತಿರುವಿನಲ್ಲಿ ಬದಲಾಗುತ್ತದೆ. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲಗಾಲಿ ಮೇಲೆ ವಾಲುತ್ತದೆ. ಎಡ ತಿರುವಿನಲ್ಲಿ ಆವಾಜ್ ಜಾಸ್ತಿಯಾಗಿ, ಬಲ ತಿರುವಿನಲ್ಲಿ ಕಡಿಮೆಯಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್ ಹೋಗಿರುತ್ತದೆ.

ಟೈರಿನದು ಇನ್ನೂ ಸುಲಭ. ಅದು ರಸ್ತೆ ಬದಲಾದ ಹಾಗೆ ಬದಲಾಗುತ್ತದೆ. ಸಿಮೆಂಟ್ ರಸ್ತೆಯಲ್ಲಿ ಒಂದು ಥರ, ಹೊಸ ಡಾಂಬರಿನಲ್ಲಿ ಇನ್ನೊಂದು ಥರ. ಬೇರಿಂಗ್ ಆಗಲಿ ಕ್ರೌನ್ ಆಗಲಿ ರಸ್ತೆ ನೋಡಿ ಆವಾಜ್ ಮಾಡುವುದಿಲ್ಲ. ಅನುಮಾನ ಇದ್ದರೆ ಟೈರಿನ ಮೇಲೆ ಅಂಗೈ ಇಟ್ಟು ಸುತ್ತಲೂ ಸವರಿ. ಟೈರಿನ ಮೈಮೇಲಿನ ಉಬ್ಬು, ನಾವು ಬಟನ್ ಅನ್ನೋದು, ಒಂದು ಕಡೆ ಎದ್ದು, ಒಂದು ಕಡೆ ತಗ್ಗಾಗಿ ಅಲೆಅಲೆಯಾಗಿ ಸವೆದಿದ್ದರೆ ಕೈಗೆ ತಾನೇ ಗೊತ್ತಾಗುತ್ತದೆ. ಹಿಂದಿನ ಟೈರ್ ಮುಂದೆ ಹಾಕಿ ನೋಡಿ. ಆವಾಜೂ ಮುಂದೆ ಹೋದರೆ ಮೂರನೆಯ ಮಿಸ್ತ್ರಿಯೇ ಸರಿ.

ಆ ಸ್ಪೀಡಿನಲ್ಲಿ ಬ್ರೇಕ್ ಮೇಲೆ ಹಗುರಾಗಿ ಕಾಲಿಟ್ಟೂ ನೋಡಿ. ಆಗ ಮಾತ್ರ ಕರ್ ಅಂದರೆ ಬ್ರೇಕ್ ಒತ್ತಿದಾಗ ಡ್ರಮ್ಮಿಗೆ ತಿಕ್ಕುವ ಲೈನರ್ ಪಟ್ಟಿ ಸವೆದು, ಅದನ್ನು ಹಿಡಿದ ರಿವಿಟ್ ಡ್ರಮ್ಮಿಗೆ ತಾಗುತ್ತಿರಬಹುದು.

ಇಷ್ಟಾದ ಮೇಲೆ ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ, ಗಟ್ಟಿ ಬ್ರೇಕ್ ಹಾಕದೆ ನಿಧಾನಕ್ಕೆ ನಿಲ್ಲಿಸಿ. ಎರಡೂ ಹಿಂದಿನ ಗಾಲಿಯ ಹಬ್, ಅಂದರೆ ನಡುಭಾಗದ ಹತ್ತಿರ ಕೈಯ ಹಿಂಬದಿ ಒಯ್ಯಿರಿ, ಮುಟ್ಟಬೇಡಿ, ಸುಟ್ಟೀತು. ಒಂದು ಕಡೆ ಬಿಸಿ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ ಆ ಕಡೆ ಬೇರಿಂಗ್ ಕೆಟ್ಟಿದೆ, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ.

ಕೊನೆಯದು ಜಾಕ್ ಪರೀಕ್ಷೆ. ಸಪಾಟು ಜಾಗದಲ್ಲಿ ಮುಂದಿನ ಗಾಲಿಗೆ ಎರಡೂ ಬದಿ ಕಲ್ಲು ಕೊಡಿ, ಹಿಂದೆ ಒಂದು ಕಡೆ ಎತ್ತಿ ಸ್ಟ್ಯಾಂಡ್ ಇಡಿ, ಬರೀ ಜಾಕ್ ನಂಬಬೇಡಿ. ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಡಿ. ಒಂದು ಕೈ ಹೌಸಿಂಗಿನ ತುದಿಗೆ, ಗಾಲಿ ಒಳಬದಿಯ ಪ್ಲೇಟಿನ ಹತ್ತಿರ ಇಡಿ. ಇನ್ನೊಂದು ಕೈಯಿಂದ ಗಾಲಿ ಮೆಲ್ಲಗೆ ತಿರುಗಿಸಿ. ಒಳ್ಳೆಯ ಬೇರಿಂಗ್ ಇದ್ದರೆ ಕೈಗೆ ಏನೂ ಗೊತ್ತಾಗುವುದಿಲ್ಲ, ಗಾಲಿ ಸುಮ್ನೆ ತಿರುಗುತ್ತದೆ. ಕೆಟ್ಟಿದ್ದರೆ ಬೀಸುಕಲ್ಲಿಗೆ ಉಸುಕು ಬಿದ್ದ ಹಾಗೆ ಒಂದು ಜುಮುಜುಮು ಬೆರಳಿಗೆ ಹತ್ತುತ್ತದೆ. ಕಿವಿಗೆ ಕೇಳದಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಟಕ್ ಟಕ್ ಅಂದರೆ ಆಟ ಇದೆ, ಅಂದರೆ ಸಡಿಲಾಗಿದೆ ಅಂತ. ಇನ್ನೊಂದು ಕಡೆಯೂ ಹೀಗೇ ಮಾಡಿ, ಎರಡನ್ನೂ ಹೋಲಿಸಿ. ಮತ್ತೆ ಒಂದು ಮಾತು: ಒಂದೇ ಗಾಲಿ ಎತ್ತಿ ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಬೇಡಿ. ನೆಲದ ಮೇಲಿರುವ ಗಾಲಿ ಎಳೆದುಬಿಟ್ಟರೆ ಗಾಡಿ ಜಾಕ್‌ನಿಂದ ಜಿಗಿಯುತ್ತದೆ, ಕೆಳಗೆ ನೀವಿರುತ್ತೀರಿ.

ಇಷ್ಟು ಉದ್ದ ಯಾಕೆ ಬರೆದೆ ಅಂದರೆ, ನಾನೇ ಕೆಲಸ ಕಲಿಯುವಾಗ ಒಂದು ಹಾಲಿನ ಗಾಡಿಗೆ ಕ್ರೌನ್-ಪಿನಿಯನ್ ಹಾಕಿಸಿದ್ದೆ. ಗುಂಯ್ ಅಂದದ್ದು ಕೇಳಿ ನಾನೇ ಹೇಳಿದ್ದು. ಎರಡು ದಿನ ಕೆಲಸ. ಮಾಲೀಕರು ಸಾಲ ಮಾಡಿ ದುಡ್ಡು ತಂದಿದ್ದರು. ಗಾಡಿ ಹೊರಗೆ ಬಂತು, ಅದೇ ಆವಾಜ್. ಉಸ್ತಾದ್ ಏನೂ ಮಾತಾಡದೆ ಗಾಡಿ ತಗೊಂಡು ಒಂದು ಸುತ್ತು ಹೋಗಿ ಬಂದರು, ಎಡಗಾಲಿ ಎತ್ತಿಸಿದರು, ನನ್ನ ಕೈ ಹಿಡಿದು ಹೌಸಿಂಗಿನ ತುದಿಗೆ ಇಟ್ಟು ಗಾಲಿ ತಿರುಗಿಸಿದರು. ಬೇರಿಂಗ್! ಆ ಜುಮುಜುಮು ಇವತ್ತಿಗೂ ನನ್ನ ಬೆರಳಲ್ಲಿದೆ. ಆ ಮಾಲೀಕರ ಮುಖವೂ ನೆನಪಿದೆ.

ನಿಮ್ಮ ಪತ್ರ ನೋಡಿದರೆ, ರೇಸ್ ಬಗ್ಗೆ ಏನೂ ಬರೆಯದೆ ಬರೀ ಸ್ಪೀಡು ಬರೆದಿದ್ದೀರಿ, ಹಾಗಾಗಿ ನನ್ನ ಮೊದಲ ಅನುಮಾನ ಬೇರಿಂಗ್ ಅಥವಾ ಟೈರ್. ಆದರೆ ಪರೀಕ್ಷೆ ಮಾಡದೆ ಒಪ್ಪಬೇಡಿ. ಬೇರಿಂಗ್ ಅಂತ ಖಾತ್ರಿಯಾದರೆ ತಡ ಮಾಡಲೂಬೇಡಿ. ಪೂರ್ತಿ ಒಡೆದರೆ ಕೆಲವು ಗಾಡಿಗಳಲ್ಲಿ ಶಾಫ್ಟ್ ಸಮೇತ ಗಾಲಿಯೇ ಹೊರಗೆ ಬರುತ್ತದೆ. ನಿಜವಾಗಿಯೂ ಕ್ರೌನ್ ಹೋಗಿದ್ದರೆ, ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬದಲಿಸಬೇಕು, ಎರಡರ ಮೇಲೂ ಜೋಡಿ ನಂಬರ್ ಇರುತ್ತದೆ, ನಿಂತು ನೋಡಿ. ಕೂಡಿಸುವವರ ಹತ್ತಿರ ಸಣ್ಣ ಸಂದು ಅಳೆಯುವ ಡಯಲ್ ಗೇಜ್ ಇದೆಯಾ ಕೇಳಿ. ಹಲ್ಲಿನ ನಡುವಿನ ಸಂದು ಮಿಲಿಮೀಟರಿನ ಹತ್ತನೇ ಒಂದು, ಎರಡು ಭಾಗದ ಲೆಕ್ಕ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಎಲ್ಲಿ ತಾಗುತ್ತಿದೆ ಅಂತ ನೋಡಬೇಕು. ಕೈ ಅಂದಾಜಿನಲ್ಲಿ ಕೂಡಿಸಿದರೆ ಹೊಸ ಕ್ರೌನೂ ಕೂಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಬೆಣ್ಣೆಹಳ್ಳ ತುಂಬಿದಾಗ ಗಾಡಿ ನೀರಿನಲ್ಲಿ ದಾಟಿಸಿದ್ದೆ. ನೀರು ಗಾಲಿ ಅರ್ಧ ಮುಳುಗುವಷ್ಟಿತ್ತು. ಆಗ ಏನೂ ಆಗಲಿಲ್ಲ. ಈಗ ಹಿಂದೆ ಕರಕರ ಶುರುವಾಗಿದೆ. ನೀರಿಗೂ ಇದಕ್ಕೂ ಸಂಬಂಧ ಇದೆಯೇ?
— ರೈತರು, ನವಲಗುಂದ ತಾಲ್ಲೂಕು

ಉತ್ತರ: ಇದೆ ಅಣ್ಣಾವ್ರೆ, ಚೆನ್ನಾಗಿಯೇ ಇದೆ. ಮೊದಲು, ತುಂಬಿದ ಹಳ್ಳಕ್ಕೆ ಗಾಡಿ ಇಳಿಸಬೇಡಿ. ಗಾಡಿ ಹೋದರೆ ಇನ್ನೊಂದು ಬರುತ್ತದೆ.

ಆಗಿದ್ದು ಹೀಗೆ. ಓಡಿದ ಗಾಡಿಯ ಹೌಸಿಂಗ್ ಬಿಸಿ ಇರುತ್ತದೆ. ಒಳಗಿನ ಗಾಳಿ ಹಿಗ್ಗಿ, ಮೇಲಿರುವ ಬ್ರೀದರ್ ಅನ್ನೋ ಚಿಕ್ಕ ತೂತಿನಿಂದ ಹೊರಗೆ ಹೋಗಿರುತ್ತದೆ. ಹಾಗೇ ತಣ್ಣೀರಿಗೆ ಇಳಿದ ಕೂಡಲೇ ಹೌಸಿಂಗ್ ಆರುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗಿರುವುದು ನೀರು! ಬ್ರೀದರ್ ಮುಳುಗಿದ್ದರೆ ಅಲ್ಲಿಂದ, ಇಲ್ಲದಿದ್ದರೆ ಹಳೆಯ ಆಯಿಲ್ ಸೀಲಿನ ಸಂದಿಯಿಂದ ಹೋಗುತ್ತದೆ. ಆಯಿಲ್ ಜೊತೆ ಬೆರೆತ ನೀರು ತಿಂಗಳುಗಟ್ಟಲೆ ಒಳಗೇ ಇದ್ದು ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಅದಕ್ಕೇ ಅವತ್ತು ಏನೂ ಗೊತ್ತಾಗಲಿಲ್ಲ, ಈಗ ಗೊತ್ತಾಗುತ್ತಿದೆ.

ಹೌಸಿಂಗ್ ಬದಿಯಲ್ಲಿರುವ ಆಯಿಲ್ ಹಾಕುವ ನಟ್ ಬಿಚ್ಚಿ, ಬೆರಳು ಬಗ್ಗಿಸಿ ಒಳಗೆ ಅದ್ದಿ ತೆಗೆಯಿರಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ನೀರು ಸೇರಿದೆ. ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ ನೋಡಿ. ನುಣ್ಣಗಿನ ಬೂದು ಪುಡಿ ಸ್ವಲ್ಪ ಇದ್ದರೆ ಹೆದರಬೇಡಿ, ಅದು ಸಹಜ ಸವೆತ. ಉಸುಕಿನ ಹಾಗೆ ಚುಚ್ಚಿದರೆ, ಹೊಳೆಯುವ ಚೂರು ಕಂಡರೆ ಹೌಸಿಂಗ್ ಬಿಚ್ಚಲೇಬೇಕು. ನೀರು ಮಾತ್ರ ಇದ್ದರೆ ಗಾಡಿ ಸ್ವಲ್ಪ ಓಡಿಸಿ ಆಯಿಲ್ ಬಿಸಿ ಇರುವಾಗ ಪೂರ್ತಿ ಇಳಿಸಿ. ಇಳಿಸುವ ಮೊದಲು ಮೇಲಿನ ನಟ್ ಬಿಚ್ಚುತ್ತದಾ ನೋಡಿಕೊಳ್ಳಿ. ಕೆಳಗಿನದು ಬಿಚ್ಚಿ ಆಯಿಲ್ ಎಲ್ಲ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಹೊಸ ಆಯಿಲ್ ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದ ಗ್ರೇಡೇ ಇರಲಿ. ಈ ಥರದ ಆಕ್ಸಲ್‌ಗೆ ಸಾಮಾನ್ಯವಾಗಿ 80ಡಬ್ಲ್ಯೂ-90 ಅಥವಾ 90, ಜಿಎಲ್-5 ದರ್ಜೆಯದು ಬರುತ್ತದೆ. ಎಂಜಿನ್ ಆಯಿಲ್ ಹಾಕುವವರಿದ್ದಾರೆ, ಬಿಡಬೇಡಿ. ಸಪಾಟು ನೆಲದಲ್ಲಿ ತೂತಿನ ಅಂಚಿಗೆ ಬರುವ ತನಕ ಹಾಕಿದರೆ ಸಾಕು. ಜಾಸ್ತಿ ಹಾಕಿದರೆ ಸೀಲ್ ದಾಟಿ ಬ್ರೇಕ್ ಲೈನರ್ ಮೇಲೆ ಬರುತ್ತದೆ. ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಿಸಿ, ಮೂಲೆಯಲ್ಲಿ ಉಳಿದ ನೀರೂ ಹೋಗುತ್ತದೆ. ಬ್ರೀದರ್ ಬಿಚ್ಚಿ ಊದಿ ನೋಡಿ, ಮಣ್ಣು ಕಟ್ಟಿರುತ್ತದೆ.

ಇಷ್ಟೆಲ್ಲ ಮಾಡುವ ಮುಂಚೆ ಎರಡೂ ಡ್ರಮ್ ಬಿಚ್ಚಿಸಿ. ನಿಮ್ಮ ಕಡೆಯ ಎರೆ ಮಣ್ಣು ನಿಮಗೆ ಹೇಳಬೇಕಾ? ಹಸಿ ಇದ್ದಾಗ ಅಂಟು, ಒಣಗಿದರೆ ಕಲ್ಲು. ನೀರಿನ ಜೊತೆ ಡ್ರಮ್ಮಿನೊಳಗೆ ಹೋಗಿ ಒಣಗಿ ಕೂತರೆ ಬರೋಬ್ಬರಿ ಕರಕರ ಅಂತಲೇ ಆವಾಜ್ ಬರುತ್ತದೆ. ಎಷ್ಟೋ ಗಾಡಿ ಬ್ರಷ್ ಹಾಕಿ ತೊಳೆದು, ಒಣಗಿಸಿದ್ದರಲ್ಲೇ ಸರಿಯಾಗಿವೆ.

ಪ್ರಶ್ನೆ: ನನ್ನದು ಚಿಕ್ಕ ಪೆಟ್ರೋಲ್ ಕಾರು. ಹಿಂದೆ ಗರಗರ ಬರುತ್ತದೆ. ಹೌಸಿಂಗ್ ಆಯಿಲ್ ಬದಲಿಸಿ ಅಂದರೆ ಗ್ಯಾರೇಜಿನವರು ಇದಕ್ಕೆ ಹಿಂದೆ ಹೌಸಿಂಗೇ ಇಲ್ಲ ಮೇಡಂ ಅಂದರು. ನಿಜವೇ?
— ಶಿಕ್ಷಕಿ, ಧಾರವಾಡ

ಉತ್ತರ: ನಿಜ ಮೇಡಂ, ಅವರು ಸರಿಯಾಗಿಯೇ ಹೇಳಿದ್ದಾರೆ. ಈಗಿನ ಚಿಕ್ಕ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಗಾಲಿಯಿಂದ ಎಳೆಯುವಂಥವು. ಕ್ರೌನ್, ತಿರುವಿನಲ್ಲಿ ಎರಡು ಗಾಲಿ ಬೇರೆಬೇರೆ ಸ್ಪೀಡಿನಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಲ್ಲ ಮುಂದೆ ಗೇರ್ ಬಾಕ್ಸ್ ಜೊತೆಗೇ ಇರುತ್ತವೆ. ಹಿಂದೆ ಇರುವುದು ಬರೀ ಒಂದು ಬೀಮ್, ಎರಡು ಹಬ್ ಬೇರಿಂಗ್, ಬ್ರೇಕ್. ಹಾಗಾಗಿ ನಿಮ್ಮ ಅನುಮಾನ ಮೂರಕ್ಕೇ ಸೀಮಿತ: ಟೈರ್, ಬೇರಿಂಗ್, ಬ್ರೇಕ್. ಮೇಲೆ ಬ್ಯಾಡಗಿಯವರಿಗೆ ಹೇಳಿದ ತಿರುವಿನ ಪರೀಕ್ಷೆ, ರಸ್ತೆ ಪರೀಕ್ಷೆ ನಿಮಗೂ ಹೊಂದುತ್ತದೆ. ಕಾರು ಒಂದೆರಡು ವಾರ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ್ದಿರಾ? ಹಾಗಿದ್ದರೆ ಲೈನರ್ ಡ್ರಮ್ಮಿಗೆ ಅಂಟಿ ತುಕ್ಕು ಹಿಡಿದಿರಬಹುದು. ತುಕ್ಕು ತೆಳುವಾಗಿದ್ದರೆ ಸ್ವಲ್ಪ ಓಡಿದ ಮೇಲೆ ಆ ಆವಾಜ್ ತಾನೇ ಹೋಗುತ್ತದೆ. ಹೋಗದಿದ್ದರೆ ಡ್ರಮ್ ಬಿಚ್ಚಿಸಿ.

ಪ್ರಶ್ನೆ: ಹುಬ್ಬಳ್ಳಿ ಸಿಟಿಯೊಳಗೆ ಗೂಡ್ಸ್ ಗಾಡಿ ಓಡಿಸುತ್ತೇನೆ. ನೇರ ಹೋಗುವಾಗ ಏನೂ ಇಲ್ಲ, ಮಾರ್ಕೆಟ್ ಓಣಿಯಲ್ಲಿ ಗಾಡಿ ತಿರುಗಿಸುವಾಗ ಮಾತ್ರ ಹಿಂದೆ ಕಟಕಟ, ಗರಗರ ಎರಡೂ.
— ಚಾಲಕರು, ಹಳೇ ಹುಬ್ಬಳ್ಳಿ

ಉತ್ತರ: 'ಯಾವಾಗ' ಅಂತ ಬರೆದಿದ್ದೀರಿ ನೋಡಿ, ಉತ್ತರ ಅಲ್ಲೇ ಇದೆ. ನೇರ ಹೋಗುವಾಗ ಎರಡೂ ಗಾಲಿ ಒಂದೇ ಸ್ಪೀಡು, ಆಗ ಡಿಫರೆನ್ಷಿಯಲ್ ಒಳಗಿನ ಚಿಕ್ಕ ಗೇರ್‌ಗಳು ತಮ್ಮ ಪಿನ್ನಿನ ಮೇಲೆ ತಿರುಗುವುದೇ ಇಲ್ಲ. ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ದೂರ ಹೋಗಬೇಕು, ಆಗ ಅವು ಕೆಲಸಕ್ಕೆ ಇಳಿಯುತ್ತವೆ. ತಿರುಗುವಾಗ ಮಾತ್ರ ಆವಾಜ್ ಅಂದರೆ ಆ ಚಿಕ್ಕ ಗೇರ್, ಅದರ ಪಿನ್, ವಾಷರ್ ನೋಡಿಸಿ. ಒಂದು ಗಾಲಿ ಕೆಸರಿನಲ್ಲಿ ಸಿಕ್ಕಾಗ ಜೋರು ರೇಸ್ ಕೊಟ್ಟು ತಿರುಗಿಸಿದ್ದೀರಾ ನೆನಪು ಮಾಡಿಕೊಳ್ಳಿ. ಈ ಗೇರ್ ಹಾಳಾಗುವುದು ಹಾಗೇ. ಹೊರಡುವಾಗ, ಗೇರ್ ಬದಲಿಸುವಾಗ ಒಂದೇ ಸಲ ಟಕ್ ಅಂದರೆ ಅದು ಬೇರೆ, ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್ ಇರಬಹುದು. ಶಾಫ್ಟ್ ಹಿಡಿದು ಎರಡೂ ಕಡೆ ತಿರುಚಿದರೆ ಆಟ ಗೊತ್ತಾಗುತ್ತದೆ.

ಪ್ರಶ್ನೆ: ಉಳ್ಳಾಗಡ್ಡಿ ಸಾಗಿಸಲು ಒಂದು ಹಳೆಯ ಪಿಕಪ್ ನೋಡಿದ್ದೇನೆ. ಹೋದ ತಿಂಗಳು ನೋಡಿದಾಗ ಹಿಂದೆ ಗುಂಯ್ ಅಂತಿತ್ತು. ಈಗ ಆವಾಜೇ ಇಲ್ಲ. ಏನು ಮಾಡಿಸಿದಿರಿ ಅಂದರೆ ಆಯಿಲ್ ಬದಲಿಸಿದೆವು ಅಂತಾರೆ. ಅಡ್ವಾನ್ಸ್ ಕೊಟ್ಟಿದ್ದೇನೆ. ತಗೊಳ್ಳಬಹುದಾ?
— ಓದುಗರು, ಮುಳಗುಂದ, ಗದಗ ತಾಲ್ಲೂಕು

ಉತ್ತರ: ಒಂದು ನಿಮಿಷ ತಡೆಯಿರಿ. ಆಯಿಲ್ ಕಡಿಮೆ ಇದ್ದು ಕೂಗುತ್ತಿದ್ದ ಹೌಸಿಂಗ್, ಆಯಿಲ್ ಹಾಕಿದರೆ ಸ್ವಲ್ಪ ಸುಮ್ಮನಾಗುವುದು ಉಂಟು. ಆದರೆ ಸವೆದ ಹಲ್ಲು ಆಯಿಲ್‌ನಿಂದ ಬೆಳೆಯುವುದಿಲ್ಲ. ಪೂರ್ತಿ ಮೌನ ಆಗಿದೆ ಅಂದರೆ ನನಗೆ ಅನುಮಾನ. ಹಳೆಯ ಗಾಡಿ ಮಾರುವವರು ಕೆಲವರು ಆಯಿಲ್ ಜೊತೆ ಕಟ್ಟಿಗೆ ಪುಡಿ ಕಲಸಿ ಹೌಸಿಂಗಿಗೆ ತುಂಬುತ್ತಾರೆ. ಹಳೇ ಕಳ್ಳಾಟ ಇದು. ಪುಡಿ ಹಲ್ಲುಗಳ ನಡುವೆ ಮೆತ್ತೆಯ ಹಾಗೆ ಕೂತು ಆವಾಜ್ ನುಂಗುತ್ತದೆ. ಸ್ವಲ್ಪ ದಿನ ಓಡಿದ ಮೇಲೆ ಪುಡಿ ಅರೆದುಹೋಗಿ ಅದೇ ಗುಂಯ್ ವಾಪಸ್ ಬರುತ್ತದೆ, ಜೊತೆಗೆ ಬೇರಿಂಗಿಗೆ ಆಯಿಲ್ ಸರಿಯಾಗಿ ಹೋಗದೆ ಅದೂ ಕೆಡುತ್ತದೆ.

ನೀವು ಹೋಗಿ, ಗಾಡಿ ತಣ್ಣಗಿರುವಾಗ, ಹೌಸಿಂಗ್ ಬದಿಯ ನಟ್ ನಿಮ್ಮ ಎದುರಿಗೇ ಬಿಚ್ಚಿಸಿ. ಬೆರಳು ಅದ್ದಿ ತೆಗೆದು ಬಿಳಿ ಕಾಗದದ ಮೇಲೆ ಒರೆಸಿ. ಬರೀ ಆಯಿಲ್ ಇದ್ದರೆ ಕಲೆ ಒಂದೇ ಸಮ ಹರಡುತ್ತದೆ, ಗಂಧಕದ ಗಾಟು ವಾಸನೆ ಬರುತ್ತದೆ. ಪುಡಿ ಇದ್ದರೆ ನಡುವೆ ಮುದ್ದೆ ಉಳಿದು, ಸುತ್ತ ಆಯಿಲ್ ಮಾತ್ರ ಹರಡುತ್ತದೆ. ಮುದ್ದೆಯನ್ನು ಉಗುರಿನಿಂದ ಬಿಡಿಸಿದರೆ ನಾರು ಕಾಣಿಸುತ್ತದೆ. ಆಯಿಲ್ ತೀರಾ ಗಟ್ಟಿ, ಗ್ರೀಸಿನ ಹಾಗೆ ಇದ್ದರೂ ಅನುಮಾನ ಪಡಿ, ದಪ್ಪ ಗ್ರೀಸ್ ತುಂಬಿ ಆವಾಜ್ ಅಡಗಿಸುವವರೂ ಇದ್ದಾರೆ. ನಟ್ ಬಿಚ್ಚಲು ಒಪ್ಪದಿದ್ದರೆ ಅದೇ ಉತ್ತರ ಅಂತ ತಿಳ್ಕೊಳ್ಳಿ.

ಆಯಿಲ್ ಸ್ವಚ್ಛ ಇದ್ದರೆ ಮುಳಗುಂದದಿಂದ ಗದಗ ತನಕ ಒಮ್ಮೆ ನೀವೇ ಓಡಿಸಿ, ರೇಸ್ ಕೊಟ್ಟು, ಬಿಟ್ಟು, ಎರಡೂ ರೀತಿ ಕೇಳಿ. ಸಾಧ್ಯವಾದರೆ ಬಾಡಿಯಲ್ಲಿ ನಾಲ್ಕೈದು ಚೀಲ ಇಟ್ಟು ಇನ್ನೊಮ್ಮೆ ಓಡಿಸಿ, ಖಾಲಿ ಗಾಡಿಯಲ್ಲಿ ಅಡಗಿದ ಆವಾಜ್ ಲೋಡಿನಲ್ಲಿ ಹೊರಗೆ ಬರುತ್ತದೆ. ಕಾಗದದ ಮೇಲೆ ಪುಡಿ ಕಂಡರೆ ಆ ಕಾಗದ ಮಡಚಿ ಜೇಬಿಗೆ ಹಾಕಿಕೊಳ್ಳಿ, ಅಲ್ಲೇ ನಿಂತು ಅಡ್ವಾನ್ಸ್ ವಾಪಸ್ ಕೇಳಿ.